ಕಣದ ಮೂಲೆಯ ಮರಸೇಬು

ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದವರು ಈಗಲೂ ನನಗೆ ಆಗಾಗ ಫೋನು ಮಾಡುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸಾರ್, ಹಾನುಬಾಳಿನ ಕಡೆ ಒಬ್ಬರು ಹಿತ್ತಿಲಿಗೆ ದ್ರಾಕ್ಷಿ ಬಳ್ಳಿ ಕೇಳ್ತಿದ್ದಾರೆ. ಮರಸೇಬೂ ಬೇಕಂತೆ. ಯಾವ ತಳಿ ಹೇಳಲಿ?" ತಳಿಯ ಹೆಸರು ಹೇಳುವ ಮೊದಲು ನಾನು ಕೇಳುತ್ತೇನೆ, "ಆ ಮನೆಯಲ್ಲಿ ಕತ್ತರಿ ಯಾರ ಕೈಯಲ್ಲಿದೆ?" ಮುದುಕನಿಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ಕೆಲವರು ಅದೇ ಪ್ರಶ್ನೆಯನ್ನು ಇನ್ನಷ್ಟು ಜೋರಾಗಿ ಕೇಳುತ್ತಾರೆ.

ಕಿವಿ ಚೆನ್ನಾಗಿಯೇ ಇದೆ. ನನಗೆ ಅನುಮಾನ ಇರುವುದು ನೆನಪಿನ ಮೇಲೆ. ಕೃಷಿ ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಒಂದು ಸಲ ಕಂಡದ್ದನ್ನು ನಂಬಬೇಡ ಎಂಬುದು. ಕೆಲಸದಲ್ಲಿದ್ದಾಗ ಆ ಪಾಠವನ್ನು ರೈತರ ಮೇಲೆ, ಮೇಲಧಿಕಾರಿಗಳ ಮೇಲೆ, ಗೊಬ್ಬರ ಮಾರುವವರ ಮೇಲೆ ಪ್ರಯೋಗಿಸಿದೆ. ನಿವೃತ್ತನಾದ ಮೇಲೆ ಪ್ರಯೋಗಿಸಲು ನಾನೊಬ್ಬನೇ ಉಳಿದಿದ್ದೇನೆ. ಸಕಲೇಶಪುರದಲ್ಲಿದ್ದಾಗ ಇಡೀ ತಾಲ್ಲೂಕನ್ನು ಹಸಿರು ಜೀಪಿನಲ್ಲಿ ಸುತ್ತಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ನನ್ನ ಹೆಂಡತಿ ಅದನ್ನು ಕೇಳಿಸಿಕೊಂಡು, "ಯಾವ ಜೀಪು? ನೀವು ಯಸಳೂರು ಬಸ್ಸಿನಲ್ಲಿ ಗಿಡದ ಕಟ್ಟು ತೊಡೆ ಮೇಲೆ ಇಟ್ಟುಕೊಂಡು ಹೋಗ್ತಿದ್ದಿರಿ. ಪ್ಯಾಂಟಿನ ಮಣ್ಣು ಒಗೆದವಳು ನಾನು" ಎಂದಳು. ಜೀಪು ಆಮೇಲೆ ಬಂದಿರಬೇಕು. ಆದ್ದರಿಂದ ಓದುವವರು ಇಸವಿ ಕೇಳಬಾರದು. ತೊಂಬತ್ತರ ದಶಕದ ನಡುವೆ ಶುರುವಾಗಿ ಎರಡು ಸಾವಿರದ ಈಚೆಗೆ ಮುಗಿದ ಸಂಗತಿಗಳು ಇವು ಎಂದಷ್ಟೇ ಹೇಳಬಲ್ಲೆ.

ಬೇರೆ ಏನು ಹಿಂದೆ ಮುಂದೆ ಆದರೂ ಗಿರಿಜಮ್ಮನವರ ಮರದ ವಿಷಯವೊಂದು ತಪ್ಪಬಾರದು ಎಂದು ಆಸೆ. ಹಾನುಬಾಳಿನಿಂದ ಸ್ವಲ್ಪ ಒಳಗೆ ಅವರ ಮನೆ. ಸಣ್ಣ ಕಾಫಿ ತೋಟ, ಕೆಳಗೆ ಒಂದಿಷ್ಟು ಗದ್ದೆ. ಮನೆ ಮುಂದೆ ಕಾಫಿ ಒಣಗಿಸುವ ಮಣ್ಣಿನ ಕಣ, ಆ ಕಣದ ಅಂಚಿನಲ್ಲಿ ಒಂದು ಮರಸೇಬಿನ, ಎಂದರೆ ಪೇರ್ ಹಣ್ಣಿನ, ಮರ. ನಾನು ಆ ತಾಲ್ಲೂಕಿಗೆ ಬರುವುದಕ್ಕೂ ಮೊದಲೇ ನಮ್ಮ ಇಲಾಖೆಯವರು ಕೊಟ್ಟ ಕಸಿ ಗಿಡ ಅದು. ಆಳೆತ್ತರ ಮೀರಿ ಬೆಳೆದಿತ್ತು, ಎಲೆಯೆಲ್ಲ ಹೊಳೆಯುತ್ತಿತ್ತು, ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲ. ಗಿರಿಜಮ್ಮನವರ ಯಜಮಾನರು ಮಲ್ಲೇಶಪ್ಪನವರು ಕಣವನ್ನು ದೊಡ್ಡದು ಮಾಡಿ ಸಿಮೆಂಟು ಹಾಕಿಸಬೇಕು ಎಂದಿದ್ದರು. ಅದಕ್ಕೆ ಅಡ್ಡ ಇದ್ದದ್ದು ಆ ಮರ ಒಂದೇ. ಪ್ರತಿ ವರ್ಷ ಕೊಯ್ಲು ಮುಗಿದಾಗ ಅವರು "ಈ ಸಲ ತೆಗೆದ್ಬುಡಾನ" ಎನ್ನುವುದು, ಆಕೆ "ಇನ್ನೊಂದು ವರ್ಷ ನೋಡಾನ" ಎನ್ನುವುದು. ನಾನು ಮೊದಲ ಸಲ ಆ ಮನೆಗೆ ಹೋದಾಗ ಈ ಮಾತುಕತೆ ಸಾಕಷ್ಟು ಹಳೆಯದಾಗಿತ್ತು. ನನ್ನನ್ನು ಕೂರಿಸಿ ಕಾಫಿ ಕೊಟ್ಟ ಗಿರಿಜಮ್ಮ ಕೇಳಿದ್ದು ಹೀಗೆ:

"ಸಾರ್, ನೀವು ಓದಿದೋರು. ಇದು ಗೊಡ್ಡು ಮರ ಅಲ್ಲ ಅಂತ ಇವ್ರಿಗೆ ಒಂದು ಮಾತು ಹೇಳಿ ಹೋಗಿ."

"ಗೊಡ್ಡು ಹೌದೋ ಅಲ್ಲವೋ ನನಗೂ ಗೊತ್ತಿಲ್ಲವಲ್ಲಮ್ಮ."

"ಗೊತ್ತಿಲ್ದಿದ್ರೆ ಹೇಳೋಕೇನು ಕಷ್ಟ? ಗೊತ್ತಿದ್ರೆ ತಾನೇ ಯೋಚ್ನೆ ಮಾಡ್ಬೇಕು."

ಮಲ್ಲೇಶಪ್ಪ ನಕ್ಕರು. ಮರಕ್ಕೆ ಆ ವರ್ಷದ ಜೀವದಾನ ಸಿಕ್ಕಿತು.

ಅವರ ಮರದ ಗುಟ್ಟು ತಿಳಿಯಬೇಕಾದರೆ ಮೊದಲು ನಾನು ದ್ರಾಕ್ಷಿಯ ಹತ್ತಿರ ಒದೆ ತಿಂದದ್ದನ್ನು ಹೇಳಬೇಕು.

ಆ ಕಾಲದಲ್ಲಿ ಮನೆ ಹಿತ್ತಿಲಿಗೆ ಹಣ್ಣಿನ ಗಿಡ ಕೊಡುವ ಕೆಲಸಕ್ಕೆ ಇಲಾಖೆಯಲ್ಲಿ ಉತ್ಸಾಹ ಬಂದಿತ್ತು. ನಮ್ಮ ಸಾಹೇಬರು ಬಯಲುಸೀಮೆಯಲ್ಲಿ ಬಹಳ ವರ್ಷ ದುಡಿದು ಬಂದವರು. ಒಳ್ಳೆಯ ಮನುಷ್ಯ. ಜೇಬಿನಲ್ಲಿ ಸದಾ ಒಂದು ಮಡಿಸುವ ಚಾಕು. ಯಾವ ತೋಟಕ್ಕೆ ಹೋದರೂ ಹಣ್ಣು ಕೊಯ್ದು, ಎಲ್ಲರಿಗೂ ಹೋಳು ಹಂಚಿ, ಕೊನೆಗೆ ತಾವು ತಿನ್ನುತ್ತಿದ್ದರು. ದ್ರಾಕ್ಷಿಯ ಮಾತು ಬಂದಾಗ ನಾನು, ಇಲ್ಲಿನ ಮಳೆಗೆ ಬೀಜವಿಲ್ಲದ ತಳಿ ತಡೆಯಲಿಕ್ಕಿಲ್ಲ, ನೀಲಿ ದ್ರಾಕ್ಷಿ ಕೊಡೋಣ ಎಂದೆ. ಅವರು, "ಬೀಜ ಉಗುಳೋ ದ್ರಾಕ್ಷಿ ಈಗ ಯಾರಿಗೆ ಬೇಕ್ರಿ? ಜನ ಕೇಳೋದನ್ನ ಕೊಡ್ರಿ" ಎಂದರು. ಜನ ಕೇಳುತ್ತಿದ್ದದ್ದೂ ಅದನ್ನೇ. ಸಂತೆಯಲ್ಲಿ ಹಸಿರು ಗೊಂಚಲು ನೋಡಿದವರು ತಮ್ಮ ಅಂಗಳದಲ್ಲೂ ಅದೇ ತೂಗಬೇಕು ಎಂದುಕೊಳ್ಳುವುದು ಸಹಜ.

ಯಸಳೂರಿನಲ್ಲಿ ಬಟ್ಟೆ ಅಂಗಡಿಯ ಚಂದ್ರಣ್ಣನವರು ಅಂಗಡಿಯ ಹಿಂದೆ ಕಬ್ಬಿಣದ ಕಂಬ ನೆಟ್ಟು ಒಳ್ಳೆಯ ಚಪ್ಪರ ಕಟ್ಟಿಸಿದರು. ಬಳ್ಳಿ ಬೇಸಿಗೆಯಲ್ಲಿ ಚಪ್ಪರ ತುಂಬಿತು. ಮುಂಗಾರು ಹಿಡಿಯುತ್ತಿದ್ದಂತೆ ಎಲೆಯ ಮೇಲೆ ಎಣ್ಣೆ ತೊಟ್ಟಿಕ್ಕಿದಂಥ ಕಲೆ, ಎಲೆ ತಿರುಗಿಸಿದರೆ ಬಿಳಿ ಬೂಜು. ಚಂದ್ರಣ್ಣ ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತಂದು ಹೊಡೆದರು. ಹೊಡೆದದ್ದು ಒಣಗುವ ಮೊದಲೇ ಮಳೆ ತೊಳೆಯಿತು. ತಿರುಗಿ ಹೊಡೆದರು, ಅದನ್ನೂ ಮಳೆ ತೊಳೆಯಿತು. ಆಷಾಢದ ಹೊತ್ತಿಗೆ ಕಬ್ಬಿಣದ ಕಂಬಗಳು ಮಾತ್ರ ನೆಟ್ಟಗೆ ನಿಂತಿದ್ದವು. ನಾನು ಅಂಗಡಿಯ ಮುಂದೆ ಬಸ್ಸಿಳಿದರೆ ಸಾಕು, ಅವರು ಗಿರಾಕಿಗಳಿಗೆ ಕೇಳುವಂತೆ ಹೇಳುತ್ತಿದ್ದರು, "ಬನ್ನಿ ಸಾರ್. ಬೀಜ ಇಲ್ದಿದ್ದು ಕೊಡ್ತೀನಿ ಅಂದಿದ್ರಿ. ಮಾತಿಗೆ ತಪ್ಪಲಿಲ್ಲ ನೀವು. ಬೀಜಾನೂ ಇಲ್ಲ, ಹಣ್ಣೂ ಇಲ್ಲ, ಎಲೇನೂ ಇಲ್ಲ." ಆಮೇಲೆ ಕೂರಲು ಸ್ಟೂಲು ಎಳೆದು ಕೊಡುತ್ತಿದ್ದರು.

ಹೊಸಬರಿಗೆ ಇಲ್ಲಿ ಒಂದು ಮಾತು. ಘಟ್ಟದ ಅಂಚಿನ ಯಸಳೂರಿನಂಥ ಊರಿನಲ್ಲಿ ಸೂರಿನಡಿಯ ಜಾಗ ಇಲ್ಲದಿದ್ದರೆ ದ್ರಾಕ್ಷಿಯ ಆಸೆಯನ್ನೇ ಹುಟ್ಟಿಸಬೇಡಿ. ಪೂರ್ವಕ್ಕೆ ಸರಿದು ಆಲೂರಿನ ಕಡೆ ಬಂದರೆ ಮಳೆ ಕಡಿಮೆಯಾಗುತ್ತದೆ. ಅಲ್ಲಿ ಬೆಂಗಳೂರು ನೀಲಿ ಎಂದು ಕರೆಯುವ ತಳಿ ಬದುಕುತ್ತದೆ. ದಪ್ಪ ಸಿಪ್ಪೆ, ಬೀಜ, ಸ್ವಲ್ಪ ಹುಳಿ, ಹತ್ತಿರ ಹೋದರೆ ಗಮ್ಮೆನ್ನುವ ವಾಸನೆ. ಸಂತೆಯ ಹಣ್ಣಿನ ಹಾಗಿರುವುದಿಲ್ಲ ಎಂದು ಮೊದಲೇ ಹೇಳಿ ಕೊಡಿ. ಹೇಳಿ ಕೊಟ್ಟರೆ ಯಾರೂ ಬೈಯುವುದಿಲ್ಲ.

ಹಾಗೆ ಹೇಳಿ ಕೊಟ್ಟದ್ದು ಆಲೂರಿನ ಹತ್ತಿರ ಹಿಟ್ಟಿನ ಗಿರಣಿ ನಡೆಸುವ ರುದ್ರಪ್ಪನವರಿಗೆ. ಬಳ್ಳಿ ಹಬ್ಬಿತು, ಚಪ್ಪರದ ಕೆಳಗೆ ಹಿಟ್ಟು ಬೀಸಿಸಲು ಬಂದವರು ನೆರಳಿಗೆ ಕೂರುವಷ್ಟು ಹಬ್ಬಿತು. ಗೊಂಚಲು ಮಾತ್ರ ಅಲ್ಲೊಂದು ಇಲ್ಲೊಂದು. ಮಳೆ ನಿಂತ ಕೂಡಲೇ, ದೀಪಾವಳಿಯ ಆಸುಪಾಸಿನಲ್ಲಿ ಬಳ್ಳಿಯನ್ನು ಗಿಡ್ಡಕ್ಕೆ ಕತ್ತರಿಸಬೇಕು, ಆಗ ಬರುವ ಹೊಸ ಚಿಗುರಿನಲ್ಲೇ ಗೊಂಚಲು ಎಂದು ನಾನು ಗಿಡ ಕೊಡುವಾಗಲೇ ಹೇಳಿದ್ದೆ. ಯಾರೂ ಕತ್ತರಿ ಮುಟ್ಟಿರಲಿಲ್ಲ. ಯಾಕೆ ಎಂದು ಕೇಳಿದರೆ ರುದ್ರಪ್ಪ ಆ ಕಡೆ ಈ ಕಡೆ ನೋಡಿದರು. ಒಳಗಿನಿಂದ ಅವರ ತಾಯಿ ಉತ್ತರ ಕೊಟ್ಟರು.

"ಗಿಡದಾಗೆ ಕಾಯಿ ಇರೋ ಕಾಲಕ್ಕೆ ಯಾರಾದ್ರೂ ಕತ್ರಿ ಹಾಕ್ತಾರೇನಪ್ಪ?"

"ದ್ರಾಕ್ಷಿಯಲ್ಲಿ ಕಾಯಿ ಇಲ್ಲವಲ್ಲಮ್ಮ."

"ದ್ರಾಕ್ಷೀಲಿ ಇಲ್ಲ. ಕಾಫೀಲಿ ಐತಲ್ಲ."

ಆಗ ನನಗೆ ಅರ್ಥವಾಯಿತು. ಕಾಫಿ ನಾಡಿನಲ್ಲಿ ದೀಪಾವಳಿಯೆಂದರೆ ಕಾಯಿ ಕೆಂಪಾಗುವ ಕಾಲ. ಆಗ ಯಾರ ಕೈಗೂ ಕತ್ತರಿ ಬರುವುದಿಲ್ಲ. ಕೊಯ್ಲು ಮುಗಿದು, ಕಣ ಗುಡಿಸಿ, ಆಮೇಲೆ ಬೇಸಿಗೆಯಲ್ಲಿ ಕಪಾತು. ಕಾಫಿಯ ಗಿಡ ಸವರುವ ಆ ಕೆಲಸಕ್ಕೆ ಅವರು ಕಲಿತ ಕಾಲ ಒಂದೇ, ಕೈ ಒಂದೇ. ರುದ್ರಪ್ಪನವರ ತೋಟ ಇದ್ದದ್ದು ಬರೀ ಮೂಲೆಯಷ್ಟು, ಆದರೂ ಇಡೀ ಮನೆ ಕಾಫಿಯ ಪಂಚಾಂಗದಲ್ಲಿ ನಡೆಯುತ್ತಿತ್ತು. ಆ ವರ್ಷ ನಾನೇ ನಿಂತು ಬಳ್ಳಿ ಕತ್ತರಿಸಿದೆ. ಚಪ್ಪರ ಬೋಳಾಯಿತು. ಅಜ್ಜಿ ನನ್ನೊಂದಿಗೆ ಮಾತು ಬಿಟ್ಟರು. ಶಿವರಾತ್ರಿ ಕಳೆದ ಮೇಲೆ ನಾನು ಹೋದಾಗ ಗೊಂಚಲುಗಳು ಬಣ್ಣ ತಿರುಗುತ್ತಿದ್ದವು. ಅಜ್ಜಿ ಗಿರಣಿಗೆ ಬಂದವರಿಗೆ, "ಗಿಡ್ಡಕ್ಕೆ ಕಡೀರೋ ಅಂತ ಆವಾಗ್ಲಿಂದ ಬಡ್ಕೊಂಡೆ, ಈಗ ಕಡ್ದವ್ರೆ" ಎಂದು ವಿವರಿಸುತ್ತಿದ್ದರು. ನನ್ನನ್ನು ನೋಡಿಯೂ ಅವರ ದನಿ ಇಳಿಯಲಿಲ್ಲ. ನನಗೆ ಆಕೆಯ ನೆನಪಿನ ಶಕ್ತಿಯ ಬಗ್ಗೆ ಅಸೂಯೆಯಾಯಿತು.

ಈಗ ಮರಸೇಬಿಗೆ ಬರುತ್ತೇನೆ.

ಸಾಹೇಬರು ಒಮ್ಮೆ ಹಾನುಬಾಳಿಗೆ ಬಂದವರು ಗಿರಿಜಮ್ಮನವರ ಮರ ನೋಡಿದರು. ಸುತ್ತು ಹಾಕಿದರು. ಕತ್ತರಿಸಿ ಹಂಚಲು ಹಣ್ಣಿರಲಿಲ್ಲವಾದ್ದರಿಂದ ಚಾಕು ಜೇಬಿನಲ್ಲೇ ಉಳಿಯಿತು. ಮರಸೇಬಿಗೆ ಚಳಿ ಬೇಕು, ಇಲ್ಲಿ ಅಷ್ಟು ಚಳಿಯಿಲ್ಲ, ತಳಿ ಈ ಎತ್ತರಕ್ಕೆ ಒಗ್ಗಿಲ್ಲ ಎಂದು ಹೇಳಿ, ಇನ್ನು ಮುಂದೆ ಈ ತಾಲ್ಲೂಕಿಗೆ ಮರಸೇಬು ಕೊಡುವುದು ಬೇಡ ಎಂದರು. ಪುಸ್ತಕದ ಪ್ರಕಾರ ಅದು ಸರಿಯಾದ ಮಾತು. ತಿನ್ನಲು ಮೆತ್ತಗಿರುವ, ಬೆಣ್ಣೆಯಂಥ ಮರಸೇಬುಗಳಿಗೆ ನಿಜವಾಗಿಯೂ ಹೆಚ್ಚು ಚಳಿ ಬೇಕು. ಆದರೆ ಇದು ಕಲ್ಲಿನಂಥ ಗಟ್ಟಿ ಕಾಯಿಯ ನಾಟಿ ತಳಿ, ಸ್ವಲ್ಪ ಚಳಿಗೇ ಸಮಾಧಾನ ಪಡುವಂಥದ್ದು. ಸಾಹೇಬರ ತೀರ್ಮಾನ ಕೇಳಿ ಮಲ್ಲೇಶಪ್ಪನವರ ಮುಖ ಅರಳಿತು.

"ಕೇಳಿದ್ಯೇನೇ? ಜಿಲ್ಲೆಯಿಂದ ಬಂದೋರೇ ಹೇಳವ್ರೆ."

ಗಿರಿಜಮ್ಮ ಸಾಹೇಬರಿಗೆ ಕೈ ಮುಗಿದು ಕಳಿಸಿದರು. ನನ್ನ ಕಡೆ ತಿರುಗಿ, "ನೀವೂ ಹಂಗೇ ಅಂತೀರಾ?" ಎಂದರು. ಆ ಮರದಲ್ಲಿ ಆಕೆಗೆ ಏನಿತ್ತು ಎಂದು ಆಗ ಕೇಳಿದೆ. ಅದಕ್ಕೆ ಆಕೆ ಕೊಟ್ಟ ಉತ್ತರವನ್ನು ನಾನು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ, ಆದ್ದರಿಂದ ಅದರಲ್ಲಿ ನನ್ನ ಮಾತೂ ಸೇರಿರಬಹುದು. "ಈ ಮನೇಲಿ ನೆಟ್ಟಿದ್ದೆಲ್ಲ ಮಾರೋಕೆ ಸಾರ್. ಕಾಫಿ ಮಾರೋಕೆ, ಮೆಣಸು ಮಾರೋಕೆ, ಬಾಳೆ ಗೊನೇನೂ ಸಂತೆಗೆ. ಇದೊಂದು ನಾನು ತಿನ್ನೋಕೆ ಅಂತ ನೆಟ್ಟಿದ್ದು."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಮಾಧಾನವಿರಲಿಲ್ಲ. ತಳಿ ಒಗ್ಗಿಲ್ಲ ಎನ್ನುವುದಾದರೆ ಸಕಲೇಶಪುರದ ಪಾಟೀಲ ಮೇಷ್ಟ್ರ ಮರಕ್ಕೆ ಏನು ಹೇಳಬೇಕು? ಪಾಟೀಲರು ಗದಗದ ಕಡೆಯವರು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ರೈಲ್ವೆ ಸ್ಟೇಷನ್ನಿನ ಹತ್ತಿರ ಬಾಡಿಗೆ ಮನೆ. ಹಿತ್ತಿಲಲ್ಲಿ ಅದೇ ತಳಿಯ, ಅದೇ ಕಟ್ಟಿನಿಂದ ಬಂದ ಮರ. ಹಿಂದಿನ ಬಾಡಿಗೆಯವರು ನೆಟ್ಟದ್ದು. ಅದು ಕಾಯಿ ಬಿಡುತ್ತಿತ್ತು. ಮರಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಏನೂ ಮಾಡಂಗಿಲ್ರೀ. ಅದ್ರ ಪಾಡಿಗೆ ಅದನ್ನ ಬಿಟ್ಟೀವಿ. ನಮ್ಮ ಮನಿಯಾಕಿ ಹಗ್ಗ ಕಟ್ಟಿ ಅರಿವಿ ಒಣಾ ಹಾಕ್ತಾಳ, ಅಷ್ಟ."

ನಾನು ಕೊಂಬೆ ಹತ್ತಿರ ಎಳೆದು ನೋಡಿದೆ. ಉದ್ದಕ್ಕೂ ಮೊಂಡು ಮೊಂಡಾದ, ಸುಕ್ಕುಗಟ್ಟಿದ ಗಂಟುಗಳು. ನೋಡಿದರೆ ಒಣಗಿದ ಕಡ್ಡಿ ಎನ್ನಿಸಬೇಕು. ಕಾಯಿ ತೂಗುತ್ತಿದ್ದದ್ದು ಆ ಗಂಟುಗಳ ತುದಿಯಿಂದಲೇ. ಗಿರಿಜಮ್ಮನವರ ಮರದಲ್ಲಿ ಇಂಥ ಒಂದೇ ಒಂದು ಗಂಟು ಕಂಡ ನೆನಪಿರಲಿಲ್ಲ. ಅಲ್ಲಿನ ಕೊಂಬೆಗಳು ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ನುಣ್ಣಗಿದ್ದವು.

ಮಲ್ಲೇಶಪ್ಪನವರ ಬಗ್ಗೆ ಒಂದು ಮಾತು ಹೇಳಬೇಕು. ಆ ಸುತ್ತಿನಲ್ಲಿ ಕಪಾತಿಗೆ ಅವರ ಕೈ ಎಂದರೆ ಹೆಸರುವಾಸಿ. ದೊಡ್ಡ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ರೈಟರುಗಳು ಕೂಡ ಕೆಲಸ ಶುರುವಾಗುವ ದಿನ ಅವರನ್ನು ಕರೆದುಕೊಂಡು ಹೋಗಿ ಆಳುಗಳಿಗೆ ಒಂದು ಸಾಲು ತೋರಿಸಿಕೊಡಿ ಎನ್ನುತ್ತಿದ್ದರು. ಕಾಫಿಯಲ್ಲಿ ಒಮ್ಮೆ ಕಾಯಿ ಕಚ್ಚಿದ ಗಿಣ್ಣು ತಿರುಗಿ ಕಚ್ಚುವುದಿಲ್ಲ. ಹಳೆಯದನ್ನು ತೆಗೆದು ಹೊಸ ಚಿಗುರಿಗೆ ಜಾಗ ಮಾಡಬೇಕು, ಅದೇ ಕಪಾತು. ಮಲ್ಲೇಶಪ್ಪನವರು ಪ್ರತಿ ವರ್ಷ ಕಾಫಿ ಮುಗಿಸಿ, ಅದೇ ಕತ್ತರಿಯಲ್ಲಿ, ಹೆಂಡತಿಯ ಮೇಲಿನ ಪ್ರೀತಿಗೆ ಆ ಮರಸೇಬಿಗೂ ಒಳ್ಳೆಯ ಕಪಾತು ಮಾಡುತ್ತಿದ್ದರು. ಒಂದು ಮೊಂಡು ಗಂಟು ಕಂಡರೂ ಬಿಡುತ್ತಿರಲಿಲ್ಲ. ಮರಸೇಬು ಆ ಗಂಟಿನಲ್ಲೇ, ಅದೇ ಜಾಗದಲ್ಲಿ ವರ್ಷ ವರ್ಷವೂ ಕಾಯಿ ಬಿಡುವ ಮರ. ಕತ್ತರಿ ತಿಳಿಯದ ಮನೆಯಲ್ಲಾದರೆ ಅದು ಯಾವಾಗಲೋ ಹಣ್ಣು ಬಿಟ್ಟಿರುತ್ತಿತ್ತು.

ಇದನ್ನು ಅವರಿಗೆ ಹೇಳುವುದು ಹೇಗೆ? ನಿಮ್ಮ ಕೈಯೇ ಕಾರಣ ಎಂದು ಆ ಕೈಗೆ ಹೇಳುವುದು ಸುಲಭವಲ್ಲ. ನಾನು ಬಾಯಿಮಾತು ಬಿಟ್ಟು, ಅವರು ವ್ಯಾಪಾರಿಗೆ ಕಾಫಿ ಹಾಕಲು ಸಕಲೇಶಪುರಕ್ಕೆ ಬಂದ ಒಂದು ದಿನ ಪಾಟೀಲರ ಹಿತ್ತಿಲಿಗೆ ಕರೆದುಕೊಂಡು ಹೋದೆ. ಮಾಘ ಮಾಸ ಇರಬೇಕು, ಏಕೆಂದರೆ ಮರದ ತುಂಬ ಬಿಳಿ ಹೂವಿತ್ತು. ಹಗ್ಗದ ಮೇಲೆ ಜಮಖಾನ ಒದ್ದೆಯಾಗಿ ತೂಗುತ್ತಿತ್ತು, ಹಗ್ಗ ಕಟ್ಟಿದ ಕೊಂಬೆ ನೆಲದ ಕಡೆ ಬಾಗಿತ್ತು. ಮಲ್ಲೇಶಪ್ಪ ಒಂದು ಗಂಟನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಹೂ ಅದರ ತುದಿಯಲ್ಲೇ ಇತ್ತು.

"ಈ ಮರಕ್ಕೆ ಕಪಾತು ಯಾರು ಮಾಡ್ತಾರೆ?"

"ಯಾರೂ ಮಾಡಂಗಿಲ್ರೀ ಯಜಮಾನ್ರ, ನಮಗ ಬರೂದಿಲ್ಲ" ಎಂದರು ಪಾಟೀಲರು.

"ಕಾಣ್ತೈತೆ" ಎಂದರು ಮಲ್ಲೇಶಪ್ಪ. "ಕಾಡು ಬೆಳ್ದಂಗೆ ಬೆಳ್ದೈತೆ."

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ನಿಂತು, "ಅದು ಆ ಮರ ಸಾರ್. ನಮ್ದು ಬೇರೆ ಇರಬೌದು" ಎಂದರು. ನಾನು ಒಪ್ಪಿಕೊಂಡೆ, ಒಂದು ಮರ ನೋಡಿ ಏನನ್ನೂ ಹೇಳಲಾಗದು ಎಂದು ನನಗೂ ಕಲಿಸಿದ್ದಾರಲ್ಲ. ಹಾಗಾದರೆ ಪರೀಕ್ಷೆ ಮಾಡೋಣ ಎಂದೆ. ಅರ್ಧ ಮರ ನಿಮ್ಮ ಕೈಗೆ, ಎಂದಿನ ಹಾಗೆ. ಇನ್ನರ್ಧಕ್ಕೆ ಕತ್ತರಿ ಬೇಡ. ಯಾವ ಕಡೆ ಕಾಯಿ ಬರುತ್ತದೆ ನೋಡೋಣ.

ಅವರಿಗೆ ಅದು ಹಿಡಿಸಿತು. ಪಂದ್ಯದ ರುಚಿ ಹತ್ತಿತು ಎನ್ನಬೇಕು. ಗಿರಿಜಮ್ಮನವರಿಗೆ ಹಿಡಿಸಲಿಲ್ಲ.

"ಅರ್ಧ ಯಾಕೆ ಸಾರ್? ಪೂರಾ ಬಿಟ್ರೆ ಏನಾಯ್ತದೆ?"

"ಪೂರ್ತಿ ಬಿಟ್ಟು ಕಾಯಿ ಬಂದರೆ, ಬಿಟ್ಟದ್ದಕ್ಕೆ ಬಂತು ಎಂದು ಹೇಗೆ ಗೊತ್ತಾಗುತ್ತದೆ?"

"ಬಂದ್ರೆ ಸಾಕಲ್ವ? ಯಾಕೆ ಬಂತು ಅಂತ ಮರಾನ ಕೇಳ್ತಾ ಕೂತ್ಕೋತಾರಾ ಯಾರಾದ್ರೂ?"

ಮಲ್ಲೇಶಪ್ಪ ಅಂದರು, "ಒಂದು ವರ್ಷ ಕಣೇ. ಮುಂದಿನ ಬೇಸಿಗೇಲಿ ಗಾರೆಯವ್ನು ಬರ್ತಾನೆ. ಅಷ್ಟರೊಳಗೆ ನಿನ್ನ ಮರ ಏನಾದ್ರೂ ತೋರಿಸ್ಲಿ."

ಇಲ್ಲಿ ನನಗೊಂದು ಸಂಕಟವಿತ್ತು. ಗಂಟು ಕಟ್ಟಲು ಮರಕ್ಕೆ ಒಂದು ವರ್ಷ ಸಾಲುವುದಿಲ್ಲ. ಈ ವರ್ಷ ಬೆಳೆದ ಕಡ್ಡಿಯಲ್ಲಿ ಮುಂದಿನ ವರ್ಷ ಗಂಟು, ಅದರ ಮುಂದಿನ ವರ್ಷ ಹೂವು. ಹಾಗೆಂದು ಹೇಳಿದೆ. ಮಲ್ಲೇಶಪ್ಪ, "ಗೌರ್ಮೆಂಟಿನೋರು ಯಾವತ್ತೂ ಇನ್ನೊಂದು ವರ್ಷ ಅಂತೀರ" ಎಂದು ನಕ್ಕರು. ಮಾತು ಬದಲಿಸಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ನಾನು ಹೋದಾಗ ಗೇಟಿನಲ್ಲೇ ನಿಂತುಬಿಟ್ಟೆ. ಕತ್ತರಿ ಹಾಕದ ಅರ್ಧದ ಕೊಂಬೆಗಳಿಗೆಲ್ಲ ಹಗ್ಗ. ಹಗ್ಗದ ತುಂಬ ಒದ್ದೆ ಸೀರೆ, ಕಂಬಳಿ, ಕೊಯ್ಲಿನ ಗೋಣಿಚೀಲ. ಕೊಂಬೆಗಳು ಭಾರಕ್ಕೆ ಬಾಗಿ ಅಡ್ಡಡ್ಡ ಚಾಚಿದ್ದವು.

"ಏನಮ್ಮ ಇದು?"

"ಪಾಟೀಲ ಮೇಷ್ಟ್ರ ಮನೇಲಿ ಬಟ್ಟೆ ಒಣಗಿ ಹಾಕ್ತಾರಂತಲ್ಲ. ಇವ್ರು ಬಂದು ಹೇಳಿದ್ರು" ಎಂದರು ಗಿರಿಜಮ್ಮ.

ಮಲ್ಲೇಶಪ್ಪ ಜಗುಲಿಯಿಂದ, "ದಿನಾ ಮರಕ್ಕೆ ಸೀರೆ ಉಡಿಸ್ತಾಳೆ ಸಾರ್. ನನಗೆ ಒಂದು ಪಂಚೆ ಸಿಕ್ಕಂಗಿಲ್ಲ, ಎಲ್ಲ ಮರದ ಮೇಲೆ" ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊಂಬೆಯನ್ನು ಹೀಗೆ ಬಾಗಿಸಿ ಕಟ್ಟಿದರೂ ಹಣ್ಣಿನ ಮರಗಳು ಬೇಗ ಮೊಗ್ಗು ಕಟ್ಟುತ್ತವೆ. ಅದು ನಮ್ಮ ಪುಸ್ತಕದಲ್ಲೇ ಇದೆ. ಈಗ ಕಾಯಿ ಬಂದರೆ ಅದು ಕತ್ತರಿ ಬಿಟ್ಟದ್ದಕ್ಕೋ ಕಂಬಳಿ ಹಾಕಿದ್ದಕ್ಕೋ ಯಾರು ಹೇಳಬೇಕು? ಪ್ರಯೋಗ ಕೆಟ್ಟಿತು. ಹಗ್ಗ ಬಿಚ್ಚಿಸೋಣ ಎಂದು ಬಾಯಿಯವರೆಗೆ ಬಂತು. ಆಕೆಯ ಮುಖ ನೋಡಿ ಸುಮ್ಮನಾದೆ. ಆಕೆಗೆ ಬೇಕಾಗಿದ್ದದ್ದು ಹಣ್ಣು, ನನಗೆ ಬೇಕಾಗಿದ್ದದ್ದು ಕಾರಣ. ಮರ ಆಕೆಯದು.

ಮುಂದಿನ ಬೇಸಿಗೆಯಲ್ಲಿ ಹೂ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಾರೆಯವನು ಬಂದ ಸುದ್ದಿ ಹಾನುಬಾಳಿನ ಅಂಗಡಿಯಲ್ಲಿ ಸಿಕ್ಕಿತು. ಸಿಕ್ಕಿದ ಬಸ್ಸು ಹತ್ತಿ ಹೋದೆ. ಏನು ಮಾಡಬೇಕೆಂದು ಹೋದೆನೋ ತಿಳಿಯದು. ಕಣಕ್ಕೆ ಜಲ್ಲಿ ಬಿದ್ದಿತ್ತು. ಗಾರೆಯವನು ಗೂಟ ಹೊಡೆದು ದಾರ ಎಳೆದಿದ್ದ. ದಾರ ಮರದ ಆಚೆಗೆ ಹೋಗಿತ್ತು, ಎಂದರೆ ಮರ ಕಣದ ಒಳಗೆ. ಗಿರಿಜಮ್ಮ ಹೊರಗೆ ಬಂದಿರಲಿಲ್ಲ. ಒಳಗೆ ಪಾತ್ರೆಯ ಸದ್ದು ಜೋರಾಗಿ ಕೇಳುತ್ತಿತ್ತು.

ಮಲ್ಲೇಶಪ್ಪ ಮರದ ಕೆಳಗೆ ನಿಂತಿದ್ದರು. ಕೈಯಲ್ಲಿ ಕತ್ತಿ ಇತ್ತು. ನನ್ನನ್ನು ನೋಡಿದರು. ಹಗ್ಗ ಕಟ್ಟಿದ ಕೊಂಬೆಯೊಂದನ್ನು ಇಳಿಸಿಕೊಂಡು ಕಣ್ಣಿನ ಹತ್ತಿರ ತಂದರು. ಹೆಬ್ಬೆರಳಿನಿಂದ ಕೊಂಬೆಯ ಉದ್ದಕ್ಕೂ ಸವರಿದರು. ಅಲ್ಲಲ್ಲಿ ಬೆರಳು ನಿಲ್ಲುತ್ತಿತ್ತು. ಸಣ್ಣ ಸಣ್ಣ, ಸುಕ್ಕುಗಟ್ಟಿದ ಮೊಂಡುಗಳು. ಜೀವಮಾನವಿಡೀ ತೆಗೆದುಹಾಕಲು ಕಲಿತದ್ದನ್ನು ಅವರ ಬೆರಳು ಈಗ ಎಣಿಸುತ್ತಿತ್ತು.

ಆಮೇಲೆ ಗಾರೆಯವನನ್ನು ಕರೆದರು.

"ದಾರ ಈ ಕಡೆ ಎಳ್ಕೊಳ್ಳೋ."

"ಅಲ್ಲಿಗಂಟ ಅಂದಿದ್ರಲ್ಲ ಯಜಮಾನ್ರೇ. ಮೂಲೆ ಸೊಟ್ಟ ಆಯ್ತದೆ."

"ಆ ಮೂಲೆ ತಗ್ಗು ಕಣೋ. ನೀರು ನಿಲ್ತದೆ. ಕಾಫಿ ಬೂಜು ಬರ್ತದೆ. ಬುಟ್ಬುಡು ಅದನ್ನ."

ಗಾರೆಯವನು ನೆಲ ನೋಡಿದ, ಅವರ ಮುಖ ನೋಡಿದ, ದಾರ ಬಿಚ್ಚಿದ. ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಕಾಫಿ ಬಂತು.

ಅದರ ಮರುವರ್ಷ ಅರ್ಧ ಮರ ಹೂ ಬಿಟ್ಟಿತು. ಒಂದು ಕಡೆ ಬಿಳಿ, ಇನ್ನೊಂದು ಕಡೆ ಬರೀ ಎಲೆ. ಕೆಲವು ಹೂ ಉದುರಿದವು. ಜೊತೆಗೆ ಬೇರೆ ತಳಿಯ ಇನ್ನೊಂದು ಮರ ಇದ್ದಿದ್ದರೆ ಇನ್ನೂ ಹೆಚ್ಚು ಕಚ್ಚುತ್ತಿತ್ತು. ಮರಸೇಬು ಕೊಡುವವರು ಜೋಡಿಯಾಗಿ ಕೊಡಿ ಎಂದು ಹೊಸಬರಿಗೆ ಅದಕ್ಕೇ ಹೇಳುವುದು. ಆದರೂ ಒಂದಿಷ್ಟು ಕಾಯಿ ಕಚ್ಚಿ ಉಳಿಯಿತು. ಶ್ರಾವಣದಲ್ಲಿ ಗಿರಿಜಮ್ಮ ಮೊದಲ ಕಾಯಿಗಳನ್ನು ಭತ್ತದ ಹುಲ್ಲಿನಲ್ಲಿಟ್ಟು ಬಣ್ಣ ತಿರುಗಿದ ಮೇಲೆ ತಿಂದರಂತೆ. ಹೇಗಿತ್ತು ಎಂದು ಕೇಳಿದೆ.

"ಗಟ್ಟಿ ಐತೆ" ಎಂದರು. ಸ್ವಲ್ಪ ಯೋಚಿಸಿ, "ಉಪ್ಪು ಖಾರ ಹಾಕ್ಕೊಂಡ್ರೆ ನಿಲ್ಸೋಕಾಗಲ್ಲ" ಎಂದರು.

ಸಾಹೇಬರಿಗೂ ಒಂದು ಒಯ್ದು ಕೊಟ್ಟೆ. ಚಾಕು ತೆಗೆದರು. ಚಾಕು ಇಳಿಯಲು ತಕರಾರು ಮಾಡಿತು. ಹೋಳು ಬಾಯಿಗೆ ಹಾಕಿಕೊಂಡು ದವಡೆ ಆಡಿಸುತ್ತ ಬಹಳ ಹೊತ್ತು ಕೂತರು. "ಇದನ್ನ ತಿನ್ನೋಕೆ ಹಲ್ಲಿನ ತಳಿ ಬೇರೆ ಬೇಕಲ್ರಿ" ಎಂದರು. ಆಮೇಲೆ ಇನ್ನೊಂದು ಹೋಳು ತೆಗೆದುಕೊಂಡರು. ಮುಂದಿನ ವರ್ಷ ತಾಲ್ಲೂಕಿಗೆ ಮರಸೇಬಿನ ಗಿಡ ಮತ್ತೆ ಬಂತು. ಅಷ್ಟೇ ಅಲ್ಲದೆ, ಗಿಡ ಕೊಟ್ಟು ಕೈ ತೊಳೆದುಕೊಳ್ಳುವ ಪದ್ಧತಿ ಬಿಟ್ಟು, ಕಾಫಿ ಕಪಾತು ಶುರುವಾಗುವ ಮೊದಲು ಹೋಬಳಿಗೆ ಒಂದು ಕಡೆ ಕತ್ತರಿ ಹಿಡಿಯುವವರನ್ನು ಕರೆದು ಒಂದು ಬೆಳಗು ಕೂತು ಮಾತಾಡುವುದಕ್ಕೆ ಅವರೇ ಒಪ್ಪಿಗೆ ಕೊಟ್ಟರು. ದ್ರಾಕ್ಷಿಗೆ ಕತ್ತರಿ ಎತ್ತಿಕೊಳ್ಳಿ, ಮರಸೇಬಿಗೆ ಕತ್ತರಿ ಕೆಳಗಿಡಿ, ಎಂಬುದೇ ಅಲ್ಲಿನ ಪಾಠ. ಹಾನುಬಾಳಿನಲ್ಲಿ ಅದನ್ನು ಹೇಳಿಕೊಡುತ್ತಿದ್ದವರು ಮಲ್ಲೇಶಪ್ಪ. ಉದ್ದ ಬೆಳೆದ ನೇರ ಕಡ್ಡಿಗಳನ್ನು ಮಾತ್ರ ತೆಗೆದು, ಮೊಂಡು ಗಂಟಿನ ಹತ್ತಿರ ಬಂದಾಗ ಕತ್ತರಿಯನ್ನು ಹಿಂದಕ್ಕೆ ಎಳೆದುಕೊಂಡು, "ಇಲ್ಲಿ ಕೈ ಕಟ್ಕೊಳಿ" ಎನ್ನುತ್ತಿದ್ದರು. ತಮಗೆ ಅದು ಹೇಗೆ ತಿಳಿಯಿತು ಎಂದು ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಬರಹಕ್ಕೆ ಕೂರುವ ಮೊದಲು ನೆನಪನ್ನು ಪರೀಕ್ಷೆಗೆ ಒಡ್ಡೋಣವೆಂದು ಶ್ರಾವಣದಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಕತ್ತರಿ ಹಾಕದ ಅರ್ಧ ಪೂರ್ವದ ಕಡೆಯದು ಎಂದು ನನ್ನ ನೆನಪು. ಮಲ್ಲೇಶಪ್ಪನವರು ಅಡುಗೆಮನೆ ಕಡೆಯದು ಎಂದರು. ಗಿರಿಜಮ್ಮ, "ಇಬ್ರಿಗೂ ಗ್ಯಾನ ಇಲ್ಲ. ಕಣದ ಕಡೆ. ಹಗ್ಗ ಕಟ್ಟಿದೋಳು ನಾನು" ಎಂದರು. ಮರವನ್ನೇ ಕೇಳೋಣವೆಂದರೆ ಅದು ಈಗ ಸುತ್ತಲೂ ಒಂದೇ ಸಮ ಕಾಯಿ ಹೊತ್ತು ನಿಂತಿದೆ. ಕತ್ತರಿಯೋ ಕಂಬಳಿಯೋ ಎಂಬುದೂ ಇನ್ನು ತೀರ್ಮಾನವಾಗುವುದಿಲ್ಲ. ಗಿರಿಜಮ್ಮ ಒಂದು ಕೈಚೀಲ ತುಂಬ ಕಾಯಿ ಕೊಟ್ಟು, ಸೂರಿನಡಿ ಜಾಗ ಇದೆ, ದ್ರಾಕ್ಷಿ ಯಾವುದು ಹಾಕಲಿ ಎಂದು ಕೇಳಿದರು. ನೀಲಿಯದು ಎಂದೆ. ಕತ್ತರಿಯ ವಿಷಯ ಆ ಮನೆಯಲ್ಲಿ ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಜಗುಲಿಯಲ್ಲಿ ಕೂತು ಕಣದ ಕಡೆ ನೋಡಿದೆ. ಒಳ್ಳೆಯ ಸಿಮೆಂಟು ಕಣ, ತಗ್ಗು ಎಂದು ಬಿಟ್ಟ ನಾಲ್ಕನೆಯ ಮೂಲೆ ಮಾತ್ರ ಕಚ್ಚಿ ತೆಗೆದ ಹಾಗಿದೆ, ಅಲ್ಲಿ ಮರ. ಮಳೆಯ ನೀರು ಮರದ ಬುಡದಿಂದ ಹೊರಟು, ಸಿಮೆಂಟಿನ ಮೇಲೆ ತೆಳ್ಳಗೆ ಹಬ್ಬಿ, ಇಡೀ ಕಣ ದಾಟಿ ಎದುರಿನ ಮೂಲೆಯಲ್ಲಿ ಹೋಗಿ ನಿಲ್ಲುತ್ತಿತ್ತು. ಕಣದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಮರಸೇಬಿನ ಬುಡ. ಇದು ನೆನಪಿನ ಮಾತಲ್ಲ, ಕಂಡದ್ದು. ಮಳೆ ಜೋರಾದ ಮೇಲೆ ಇನ್ನೊಮ್ಮೆಯೂ ನೋಡಿದೆ.

"ಏನ್ ಸಾರ್ ಅಷ್ಟೊತ್ತಿಂದ ನೋಡ್ತಿದೀರಿ?" ಎಂದರು ಮಲ್ಲೇಶಪ್ಪ.

"ನೀರು ಹರಿಯೋದನ್ನ."

ಅವರೂ ಆ ಕಡೆ ನೋಡಿದರು. ಲೋಟ ನನ್ನ ಕಡೆ ಸರಿಸಿದರು.

"ಹರೀಲಿ ಬುಡಿ. ಕಾಫಿ ಆರ್ತದೆ, ಕುಡೀರಿ."